ಗಿನಿ ಪಿಗ್ ಹಿಂಗಾಲು ಸೆಟೆದುಕೊಂಡು ನಡೆಯುತ್ತಿದೆಯಾ? ಮೊದಲು ಅದರ ಊಟದ ಚೀಲ ನೋಡಿ

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮ ಮನೆಯಲ್ಲಿ ಎರಡು ಹೆಣ್ಣು ಗಿನಿ ಪಿಗ್ ಇವೆ, ಬೆಳ್ಳಿ ಮತ್ತು ಕಾಳಿ. ಎರಡಕ್ಕೂ ಒಂದೂವರೆ ವರ್ಷ. ಹತ್ತು ದಿನದಿಂದ ಬೆಳ್ಳಿ ಓಡಾಡುವುದೇ ಕಡಿಮೆ. ಹಿಂಗಾಲು ಸೆಟೆದ ಹಾಗೆ ಇಟ್ಟು ನಡೆಯುತ್ತಾಳೆ, ಎತ್ತಿಕೊಂಡರೆ ಕಿರುಚುತ್ತಾಳೆ, ಕಣ್ಣಲ್ಲಿ ಸ್ವಲ್ಪ ನೀರು. ತಿನ್ನುತ್ತಾಳೆ, ಆದರೆ ತಟ್ಟೆಯನ್ನು ಬಾಯಿಯ ಹತ್ತಿರ ಇಟ್ಟರೆ ಮಾತ್ರ. ಮೊಲದ ಪೆಲೆಟ್ ದೊಡ್ಡ ಚೀಲ ತಂದಿಟ್ಟುಕೊಂಡು ಐದು ತಿಂಗಳಾಯಿತು, ಅದೇ ಹಾಕುತ್ತೇವೆ. ಜೊತೆಗೆ ಕಾಳು-ಬೀಜದ ಮಿಶ್ರಣ, ಕ್ಯಾರೆಟ್, ಒಣಹುಲ್ಲು. ಕೂದಲು ಹೊಳೆಯಲಿ ಎಂದು ಬೀಜದ ಮೇಲೆ ಕಾಡ್ ಲಿವರ್ ಎಣ್ಣೆ ಹಾಕುತ್ತಿದ್ದೆ. ಆಹಾರದಿಂದಲೇ ಮಾಂಸಖಂಡದ ಕಾಯಿಲೆ ಬರುತ್ತದೆ ಎಂದು ಓದಿದೆ. ನಿಜವಾ? ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಕೊಡಬಹುದಾ? ಕಾಳಿಗೆ ಯಾಕೆ ಏನೂ ಆಗಿಲ್ಲ?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಇವತ್ತೇ ಬೆಳ್ಳಿಯನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಧ್ಯವಾದರೆ ಮೊಲ, ಗಿನಿ ಪಿಗ್ ನೋಡಿ ಅಭ್ಯಾಸ ಇರುವವರ ಹತ್ತಿರವೇ ಹೋಗಿ, ನಾಯಿ-ಬೆಕ್ಕು ಮಾತ್ರ ನೋಡುವವರಿಗೆ ಈ ಪ್ರಾಣಿಯ ನೋವು ಸುಲಭಕ್ಕೆ ಗೊತ್ತಾಗುವುದಿಲ್ಲ. ಹತ್ತು ದಿನ ಅನ್ನುವುದು ಗಿನಿ ಪಿಗ್ ಲೆಕ್ಕದಲ್ಲಿ ತುಂಬಾ ದೊಡ್ಡ ಸಮಯ. ನೀವು ಓದಿದ ಆ ಮಾಂಸಖಂಡದ ಕಾಯಿಲೆಯೇ ಆಗಿದ್ದರೆ, ಲಕ್ಷಣ ಕಂಡ ಒಂದು ವಾರದೊಳಗೆ ಸತ್ತುಹೋಗುವ ಪ್ರಾಣಿಗಳೂ ಇವೆ. ಬೆಳ್ಳಿ ಇನ್ನೂ ತಿನ್ನುತ್ತಿದ್ದಾಳೆ ಅನ್ನುವುದು ಒಳ್ಳೆಯ ಸುದ್ದಿ. ಅದು ನಿಂತುಹೋದರೆ, ಹಿಕ್ಕೆ ಕಡಿಮೆಯಾದರೆ, ಅಥವಾ ಹಿಂಗಾಲು ಪೂರ್ತಿ ಎಳೆಯುತ್ತಾ ಹೋದರೆ, ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಹೊರಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೌದು, ನಿಜ. ಊಟದಲ್ಲಿ ವಿಟಮಿನ್ ಇ ಸಾಕಷ್ಟು ಇಲ್ಲದಿದ್ದರೆ ಗಿನಿ ಪಿಗ್‌ನ ಮಾಂಸಖಂಡ ಸಾಯುತ್ತಾ ಹೋಗುತ್ತದೆ. ಸೆಲೆನಿಯಂ ಎಂಬ ಖನಿಜವೂ ಕಡಿಮೆಯಿದ್ದರೆ ಇನ್ನೂ ಬೇಗ. ನಾವು ಇದನ್ನು ನ್ಯೂಟ್ರಿಷನಲ್ ಮಸ್ಕ್ಯುಲರ್ ಡಿಸ್ಟ್ರೊಫಿ ಎನ್ನುತ್ತೇವೆ. ಆ ಹೆಸರು ಕೇಳಿ ಗಾಬರಿಯಾಗಬೇಡಿ. ಮನುಷ್ಯರ ಮಕ್ಕಳಲ್ಲಿ ಹುಟ್ಟಿನಿಂದ ಬರುವ ಡಿಸ್ಟ್ರೊಫಿಗೂ ಇದಕ್ಕೂ ಸಂಬಂಧವಿಲ್ಲ. ಅದು ವಂಶದಿಂದ ಬರುವುದು, ಇದು ತಟ್ಟೆಯಿಂದ ಬರುವುದು. ಕುರಿಮರಿ, ಕರುಗಳಲ್ಲಿ ತೊಡೆಯ ಮಾಂಸ ಬಿಳಿಚಿಕೊಂಡು ಎದ್ದು ನಿಲ್ಲಲಾಗದ ಕಾಯಿಲೆ ಬರುತ್ತದಲ್ಲ, ಅದೂ ಇದೂ ಒಂದೇ ಜಾತಿ.

ಒಳಗೆ ಏನಾಗುತ್ತದೆ ಎಂದು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅದು ಅರ್ಥವಾದರೆ ನಿಮ್ಮ ಚೀಲದಲ್ಲಿ ತಪ್ಪು ಎಲ್ಲಿದೆ ಎಂದು ನೀವೇ ಹೇಳಬಲ್ಲಿರಿ. ಮಾಂಸಖಂಡದ ಪ್ರತಿ ಎಳೆಗೂ ಒಂದು ತೆಳು ಪೊರೆ ಇರುತ್ತದೆ. ಆ ಪೊರೆ ಕೊಬ್ಬಿನಿಂದ ಆದದ್ದು. ಎಣ್ಣೆ ಗಾಳಿಗೆ ಇಟ್ಟರೆ ಕಮಟು ಹಿಡಿಯುತ್ತದೆ ಅಲ್ವಾ, ಹಾಗೆಯೇ ದೇಹದ ಒಳಗೂ ಆ ಪೊರೆಯ ಕೊಬ್ಬು ಆಮ್ಲಜನಕದಿಂದ ಕೆಡಲು ಶುರುವಾಗುತ್ತದೆ. ಒಂದು ಕಣ ಕೆಟ್ಟರೆ ಪಕ್ಕದ ಕಣ, ಅದರಿಂದ ಮುಂದಿನದು, ಬೆಂಕಿ ಹರಡಿದ ಹಾಗೆ. ವಿಟಮಿನ್ ಇ ಆ ಪೊರೆಯೊಳಗೇ ಕೂತು ಈ ಸರಣಿಯನ್ನು ಕಡಿಯುತ್ತದೆ. ಸೆಲೆನಿಯಂ ಬೇರೆ ದಾರಿಯಲ್ಲಿ ಸಹಾಯ ಮಾಡುತ್ತದೆ: ಕೆಟ್ಟ ಕಣಗಳನ್ನು ನಿರುಪದ್ರವಿ ಮಾಡುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಕೆಲಸ ಮಾಡಬೇಕಾದರೆ ಸೆಲೆನಿಯಂ ಬೇಕೇ ಬೇಕು. ಇಬ್ಬರೂ ಇಲ್ಲ ಎಂದಾದರೆ ಪೊರೆ ತೂತಾಗುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಎಳೆ ಸೆಟೆದುಕೊಂಡು ಸಾಯುತ್ತದೆ. ಸೆಟೆದ ನಡಿಗೆ, ಎತ್ತಿದರೆ ಕಿರುಚಾಟ, ಮೂಲೆ ಹಿಡಿದು ಕೂರುವುದು, ಎಲ್ಲಕ್ಕೂ ಇದೇ ಕಾರಣ. ಅವಳಿಗೆ ಸೋಮಾರಿತನ ಬಂದಿಲ್ಲ. ನಡೆದರೆ ನೋಯುತ್ತದೆ, ಅಷ್ಟೇ.

ಇಲ್ಲೊಂದು ಸಮಾಧಾನದ ವಿಷಯವಿದೆ. ಮಾಂಸಖಂಡ ಮತ್ತೆ ಬೆಳೆಯಬಲ್ಲದು. ಈ ಕಾಯಿಲೆಯ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಎಳೆಗಳ ಪಕ್ಕದಲ್ಲೇ ಹೊಸ ಎಳೆಗಳು ಹುಟ್ಟುತ್ತಿರುವುದು ಕಾಣುತ್ತದೆ. ಬೇಗ ಸರಿಪಡಿಸಿದರೆ ಬಹಳಷ್ಟು ವಾಪಸ್ ಬರುತ್ತದೆ.

ಕಾಡ್ ಲಿವರ್ ಎಣ್ಣೆ ಓದಿದ ತಕ್ಷಣ ನನಗೆ ಚಿಂತೆಯಾಯಿತು, ಅದಕ್ಕೆ ಕಾರಣ ಹೇಳಬೇಕು. ಈ ಕಾಯಿಲೆಯನ್ನು ಗಿನಿ ಪಿಗ್ ಮತ್ತು ಮೊಲಗಳಲ್ಲಿ 1931ರಲ್ಲಿ ಮರಿಯಾನ್ ಗೋಟ್ಷ್ ಮತ್ತು ಆಲ್ವಿನ್ ಪಾಪೆನ್‌ಹೈಮರ್ ಎಂಬ ಅಮೆರಿಕದ ವಿಜ್ಞಾನಿಗಳು ವಿವರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮ್ಯಾಡ್ಸೆನ್, ಮೆಕೇ, ಮೇನಾರ್ಡ್ ಎಂಬ ಮೂವರು ಹುಲ್ಲು ತಿನ್ನುವ ಪ್ರಾಣಿಗಳಿಗೆ ಪ್ರಯೋಗಾಲಯದಲ್ಲೇ ಮಾಡಿದ ಆಹಾರ ಕೊಡುತ್ತಿದ್ದಾಗ, ಅದರಲ್ಲಿದ್ದ ಕಾಡ್ ಲಿವರ್ ಎಣ್ಣೆಗೂ ಮಾಂಸಖಂಡ ಹಾಳಾಗುವುದಕ್ಕೂ ನಂಟಿದೆ ಎಂದು ಕಂಡುಕೊಂಡರು. ಒಳ್ಳೆಯದಾಗಲಿ ಎಂದು ಹಾಕಿದ ಎಣ್ಣೆ ಅದು. ಮೀನಿನ ಎಣ್ಣೆಯಲ್ಲಿ ಬಹಳ ಬೇಗ ಕೆಡುವ ಬಗೆಯ ಕೊಬ್ಬು ಜಾಸ್ತಿ. ಬೀಜದ ಮೇಲೆ ಸುರಿದು ತಟ್ಟೆಯಲ್ಲಿಟ್ಟರೆ ಅಲ್ಲೇ ಕಮಟು ಹಿಡಿಯಲು ಶುರುವಾಗುತ್ತದೆ, ಜೊತೆಗೆ ಇದ್ದ ವಿಟಮಿನ್ ಇಯನ್ನೂ ಸುಟ್ಟು ಹಾಕುತ್ತದೆ. ಹೊಟ್ಟೆಗೆ ಹೋದ ಮೇಲೆ ಆ ಕೊಬ್ಬು ದೇಹದ ಪೊರೆಗಳನ್ನೂ ಸೇರುತ್ತದೆ, ಆಗ ಅದನ್ನು ಕಾಯಲು ಇನ್ನೂ ಜಾಸ್ತಿ ವಿಟಮಿನ್ ಇ ಬೇಕಾಗುತ್ತದೆ. ಅಂದರೆ ಎರಡೂ ಕಡೆಯಿಂದ ನಷ್ಟ. ಅಷ್ಟೇ ಅಲ್ಲ, ಆ ಎಣ್ಣೆಯಲ್ಲಿ ವಿಟಮಿನ್ ಡಿ ತುಂಬಾ ಇರುತ್ತದೆ. ಅದು ಅತಿಯಾದರೆ ಗಿನಿ ಪಿಗ್‌ನ ಮೂತ್ರಪಿಂಡ, ರಕ್ತನಾಳ, ಕೀಲಿನ ಸುತ್ತ ಸುಣ್ಣ ಕಟ್ಟುತ್ತದೆ, ಅದರಿಂದಲೂ ದೇಹ ಬಿಗಿಯಾಗುತ್ತದೆ. ನೀವು ಪ್ರೀತಿಯಿಂದಲೇ ಹಾಕಿದ್ದೀರಿ, ನನಗೆ ಗೊತ್ತು. ಇವತ್ತಿಗೆ ನಿಲ್ಲಿಸಿ. ಕೂದಲಿನ ಹೊಳಪು ಹುಲ್ಲಿನಿಂದ ಬರಲಿ.

ಇನ್ನು ಆ ಐದು ತಿಂಗಳ ಚೀಲ. ಚೀಲದ ಮೇಲೆ ಬರೆದಿರುವ ವಿಟಮಿನ್ ಬೇರೆ, ಪ್ರಾಣಿಯ ಬಾಯಿಗೆ ಸಿಗುವ ವಿಟಮಿನ್ ಬೇರೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1995ರಲ್ಲಿ ಕೊಟ್ಟ ಲೆಕ್ಕದಂತೆ ಗಿನಿ ಪಿಗ್‌ನ ಒಂದು ಕೆಜಿ ಆಹಾರದಲ್ಲಿ ಸುಮಾರು 26.7 ಮಿಲಿಗ್ರಾಂ ವಿಟಮಿನ್ ಇ, 0.15 ಮಿಲಿಗ್ರಾಂ ಸೆಲೆನಿಯಂ, 200 ಮಿಲಿಗ್ರಾಂ ವಿಟಮಿನ್ ಸಿ ಇರಬೇಕು. ಒಳ್ಳೆಯ ಪೆಲೆಟ್ ತಯಾರಾದ ದಿನ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ ಬಾಯಿ ತೆರೆದ ಚೀಲ, ಬಿಸಿಲು ಬೀಳುವ ಮೂಲೆ, ತೇವ, ತಿಂಗಳುಗಟ್ಟಲೆ ಕಾಲ, ಇವೆಲ್ಲ ಸೇರಿದರೆ ಇ ಕೂಡ ಸೋರಿಹೋಗುತ್ತದೆ, ಸಿ ಅಂತೂ ಮೊದಲೇ ಹೋಗಿರುತ್ತದೆ. ಸಾಮಾನ್ಯ ಪೆಲೆಟ್ ಆದರೆ ತಯಾರಾದ ದಿನದಿಂದ 90 ದಿನದೊಳಗೆ ಮುಗಿಸಬೇಕು ಎನ್ನುವುದು ನಾವು ಪಾಲಿಸುವ ನಿಯಮ. ನೀವು ತಂದ ದಿನದಿಂದ ಅಲ್ಲ, ತಯಾರಾದ ದಿನದಿಂದ. ಚೀಲದೊಳಗೆ ಮೂಗಿಟ್ಟು ನೋಡಿ. ಹಳೇ ಎಣ್ಣೆಯ ಕಮಟು ಅಥವಾ ಮುಗ್ಗಲು ವಾಸನೆ ಬಂದರೆ ಎಸೆದುಬಿಡಿ. ವಾಸನೆ ಇಲ್ಲದಿದ್ದರೂ ಐದು ತಿಂಗಳಾಗಿದ್ದರೆ ಎಸೆದುಬಿಡಿ. ಅದು ಮೊಲದ ಪೆಲೆಟ್ ಬೇರೆ! ಮೊಲ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಅದರ ಊಟಕ್ಕೆ ಸಿ ಸೇರಿಸಬೇಕಾದ ಅಗತ್ಯವೇ ಇಲ್ಲ. ಗಿನಿ ಪಿಗ್‌ಗೆ ಆ ಶಕ್ತಿ ಇಲ್ಲ, ನಮಗೆ ಇಲ್ಲದ ಹಾಗೆಯೇ.

ಒಣಹುಲ್ಲಿನ ಬಗ್ಗೆಯೂ ಒಂದು ಮಾತು. ಹಸಿ ಹುಲ್ಲಿನಲ್ಲಿ ವಿಟಮಿನ್ ಇ ಚೆನ್ನಾಗಿ ಇರುತ್ತದೆ. ಕತ್ತರಿಸಿ, ಬಿಸಿಲಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಇಟ್ಟರೆ ಅದರಲ್ಲಿ ಹೆಚ್ಚಿನದು ಹೋಗಿಬಿಡುತ್ತದೆ. ಹಲ್ಲು ಸವೆಯಲು, ಹೊಟ್ಟೆ ನಡೆಯಲು ಒಣಹುಲ್ಲು ಇಲ್ಲದೆ ಆಗುವುದೇ ಇಲ್ಲ, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ವಿಟಮಿನ್‌ಗಾಗಿ ಅದನ್ನು ನಂಬಿ ಕೂರಬೇಡಿ. ಹಸಿರು ಬೇಕು.

ಕಾಳಿಗೆ ಯಾಕೆ ಏನೂ ಆಗಿಲ್ಲ ಎಂದು ಕೇಳಿದ್ದೀರಿ. ಒಂದು ಕೆಲಸ ಮಾಡಿ: ಇಬ್ಬರನ್ನೂ ಬೇರೆ ಬೇರೆ ತಟ್ಟೆಗೆ ಕೂರಿಸಿ, ಯಾರು ಏನನ್ನು ಮೊದಲು ತಿನ್ನುತ್ತಾರೆ ನೋಡಿ. ಮಿಶ್ರಣ ಹಾಕಿದರೆ ಗಿನಿ ಪಿಗ್‌ಗಳು ಆರಿಸಿಕೊಂಡು ತಿನ್ನುತ್ತವೆ. ಬೆಳ್ಳಿ ಎಣ್ಣೆ ಸುರಿದ ಬೀಜಗಳನ್ನೇ ಆರಿಸುತ್ತಿದ್ದು, ಕಾಳಿ ಹೆಚ್ಚಾಗಿ ಹುಲ್ಲು ಅಗಿಯುತ್ತಿದ್ದರೆ ನನಗೆ ಆಶ್ಚರ್ಯವಿಲ್ಲ. ಒಂದೇ ಗೂಡು, ಒಂದೇ ತಟ್ಟೆ, ಆದರೆ ಎರಡು ಬೇರೆ ಊಟ. ಅಲ್ಲದೆ ವಿಟಮಿನ್ ಇ ದೇಹದ ಕೊಬ್ಬಿನಲ್ಲಿ ಸ್ವಲ್ಪ ಸಂಗ್ರಹವಾಗಿರುತ್ತದೆ, ಯಾರ ಸಂಗ್ರಹ ಮೊದಲು ಮುಗಿಯುತ್ತದೋ ಅವರು ಮೊದಲು ಬೀಳುತ್ತಾರೆ. ಆದ್ದರಿಂದ ಕಾಳಿ ಚೆನ್ನಾಗಿದ್ದಾಳೆ ಎಂದರೆ ಅವಳಿಗೆ ಕೊರತೆ ಇಲ್ಲ ಎಂದಲ್ಲ. ಊಟ ಇಬ್ಬರಿಗೂ ಬದಲಾಗಬೇಕು. ವೈದ್ಯರ ಹತ್ತಿರ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ, ಬೆಳ್ಳಿಗೆ ಜೊತೆಯೂ ಆಗುತ್ತದೆ. ಮುಂದೆ ಎಂದಾದರೂ ಮರಿ ಮಾಡಿಸುವ ಯೋಚನೆ ಇದ್ದರೆ ಇನ್ನೂ ಎಚ್ಚರ ಬೇಕು. ಈ ಕೊರತೆ ಇದ್ದರೆ ಗಬ್ಬ ನಿಲ್ಲದೇ ಹೋಗಬಹುದು, ಹುಟ್ಟಿದ ಮರಿಗಳು ಬಲವಿಲ್ಲದೆ ಸಾಯಬಹುದು.

ಈಗ ಬಹಳ ಮುಖ್ಯವಾದ ಮಾತು, ದಯವಿಟ್ಟು ನಿಧಾನವಾಗಿ ಓದಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನನ್ನ ಮೊದಲ ಅನುಮಾನ ವಿಟಮಿನ್ ಇ ಮೇಲೆ ಅಲ್ಲ, ವಿಟಮಿನ್ ಸಿ ಮೇಲೆ. ಅಂದರೆ ಸ್ಕರ್ವಿ. ಮನೆಯಲ್ಲಿ ಸಾಕಿದ ಗಿನಿ ಪಿಗ್‌ಗಳಲ್ಲಿ ಅದೇ ಹೆಚ್ಚು, ಬರೀ ವಿಟಮಿನ್ ಇ ಕೊರತೆಯ ಮಾಂಸಖಂಡದ ಕಾಯಿಲೆ ಅದಕ್ಕಿಂತ ಅಪರೂಪ. ಸಿ ಪೂರ್ತಿ ನಿಂತರೆ ಎರಡು ಮೂರು ವಾರದಲ್ಲೇ ಲಕ್ಷಣ ಶುರು. ಕೀಲು ಊದಿಕೊಳ್ಳುತ್ತದೆ, ಕೀಲಿನೊಳಗೆ ರಕ್ತ ಸೋರುತ್ತದೆ, ಮುಟ್ಟಿದರೆ ಕಿರುಚುತ್ತದೆ, ಕೂದಲು ಒರಟಾಗುತ್ತದೆ, ಹಲ್ಲು ಸಡಿಲವಾಗುತ್ತದೆ, ಕಣ್ಣು ಮೂಗಿನಲ್ಲಿ ನೀರು. ಹೊರಗಿನಿಂದ ನೋಡಿದರೆ ಎರಡೂ ಕಾಯಿಲೆ ಅಕ್ಕತಂಗಿಯರ ಹಾಗೆ. ಮಾಂಸಖಂಡದ ಕಾಯಿಲೆಯಲ್ಲಿ ತೊಡೆ, ಸೊಂಟದ ಮಾಂಸ ಗಟ್ಟಿಯಾಗಿ ನೋಯುತ್ತದೆ. ಸ್ಕರ್ವಿಯಲ್ಲಿ ಮೊಣಕಾಲಿನ ಹತ್ತಿರ ಊತ, ನೋವು. ಮನೆಯಲ್ಲಿ ಒತ್ತಿ ಒತ್ತಿ ಇದನ್ನು ಪತ್ತೆ ಮಾಡಲು ಹೋಗಬೇಡಿ, ಅವಳಿಗೆ ಹಿಂಸೆ ಅಷ್ಟೇ.

ಎರಡೂ ಒಟ್ಟಿಗೆ ಇದ್ದರೆ? ಅದೇ ನನಗೆ ಹೆಚ್ಚು ಭಯ. ದೇಹದಲ್ಲಿ ಇ ಮತ್ತು ಸಿ ಜೋಡಿಯಾಗಿ ದುಡಿಯುತ್ತವೆ, ಕೆಲಸ ಮಾಡಿ ದಣಿದ ವಿಟಮಿನ್ ಇಯನ್ನು ಸಿ ಮತ್ತೆ ಸರಿಪಡಿಸಿ ಕೆಲಸಕ್ಕೆ ಕಳಿಸುತ್ತದೆ. 2003ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡವೊಂದು, ಗಿನಿ ಪಿಗ್‌ಗಳಲ್ಲಿ ಎರಡೂ ವಿಟಮಿನ್ ಒಟ್ಟಿಗೆ ಕೊರತೆಯಾದಾಗ ಕೆಲವೇ ದಿನಗಳಲ್ಲಿ ಕೈಕಾಲಿನ ಸ್ವಾಧೀನ ತಪ್ಪಿ ಸಾವು ಬರುತ್ತದೆ ಎಂದು ವರದಿ ಮಾಡಿತು. ಆಗ ಏಟು ಬಿದ್ದದ್ದು ಮಾಂಸಖಂಡಕ್ಕಿಂತ ಹೆಚ್ಚಾಗಿ ಮೆದುಳಿನ ಬುಡಕ್ಕೆ, ಬೆನ್ನುಹುರಿಗೆ. ಐದು ತಿಂಗಳ ಹಳೇ ಮೊಲದ ಪೆಲೆಟ್, ಮೇಲೆ ಮೀನೆಣ್ಣೆ, ಹಸಿರು ಸೊಪ್ಪು ಇಲ್ಲ. ನಿಮ್ಮ ಪಟ್ಟಿ ನೋಡಿದರೆ ಎರಡೂ ಬಾಗಿಲು ತೆರೆದೇ ಇವೆ. ಅದಕ್ಕೇ ಇವತ್ತೇ ಹೋಗಿ ಎಂದಿದ್ದು.

ಬೇರೆ ಕಾರಣಗಳೂ ಇರಬಹುದು. ಎತ್ತರದಿಂದ ಬಿದ್ದು ಬೆನ್ನಿಗೆ ಪೆಟ್ಟು, ಅಂಗಾಲಿನ ಹುಣ್ಣು, ಮೂತ್ರಕೋಶದ ಕಲ್ಲು, ಮೂಳೆಯ ತೊಂದರೆ. ಅಂಗಾಲನ್ನು ನೀವೇ ತಿರುಗಿಸಿ ನೋಡಬಹುದು. ಉಳಿದದ್ದು ಎಕ್ಸ್‌ರೇಗೆ ಬಿಟ್ಟ ವಿಷಯ.

ವೈದ್ಯರ ಹತ್ತಿರ ಹೋದಾಗ ಕ್ರಿಯಾಟಿನ್ ಕೈನೇಸ್ ಪರೀಕ್ಷೆ ಆಗುತ್ತದಾ ಎಂದು ಕೇಳಿ. ಮಾಂಸಖಂಡ ಒಡೆದಾಗ ಈ ಕಿಣ್ವ ರಕ್ತಕ್ಕೆ ಸೋರುತ್ತದೆ, ಅದು ಬಹಳ ಏರಿದ್ದರೆ ಮಾಂಸಖಂಡದ ಕಾಯಿಲೆಯ ಕಡೆ ಕೈ ತೋರಿಸಿದ ಹಾಗೆ. ರಕ್ತ ತೆಗೆಯುವಾಗ ಪ್ರಾಣಿ ತುಂಬಾ ಒದ್ದಾಡಿದರೂ ಇದು ಏರಬಹುದು, ಹಾಗಾಗಿ ಒಂದೇ ಅಂಕಿಯನ್ನು ನೋಡಿ ತೀರ್ಮಾನ ಮಾಡುವುದಿಲ್ಲ. ಎಕ್ಸ್‌ರೇ ಮಾಡಿದರೆ ಕೀಲು, ಮೂಳೆ, ಸುಣ್ಣ ಕಟ್ಟಿದ್ದು ಎಲ್ಲ ಕಾಣುತ್ತದೆ. ಮತ್ತೆ, ಆ ಪೆಲೆಟ್ ಚೀಲದ ಫೋಟೊ, ತಯಾರಿಕೆಯ ದಿನಾಂಕ, ಎಣ್ಣೆ ಬಾಟಲಿ, ಎಷ್ಟು ಹನಿ ಎಷ್ಟು ದಿನ ಹಾಕಿದಿರಿ ಎಂಬ ಲೆಕ್ಕ, ಇದೆಲ್ಲವನ್ನೂ ತೆಗೆದುಕೊಂಡು ಹೋಗಿ. "ಪೆಲೆಟ್ ಕೊಡ್ತೀವಿ, ತರಕಾರಿ ಕೊಡ್ತೀವಿ" ಎಂದಷ್ಟೇ ಹೇಳಿದರೆ ಯಾವ ವೈದ್ಯರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ಕಾಲನ್ನೇ ನೋಡುತ್ತಾ ಕೂತು, ಊಟದ ವಿಷಯ ಕೊನೆಗೆ ಕೇಳುತ್ತಿದ್ದೆ. ಈಗ ಪ್ರಾಣಿಯನ್ನು ಮೇಜಿನ ಮೇಲೆ ಇಡುವ ಮೊದಲೇ ಚೀಲ ಕೇಳುತ್ತೇನೆ.

ಇನ್ನು ನಿಮ್ಮ ಕ್ಯಾಪ್ಸೂಲ್ ಪ್ರಶ್ನೆ. ಕೊಡಬೇಡಿ. ಮನುಷ್ಯರ ಕ್ಯಾಪ್ಸೂಲ್‌ನಲ್ಲಿ ನೂರಾರು ಮಿಲಿಗ್ರಾಂ ಇರುತ್ತದೆ, ಬೆಳ್ಳಿಯ ತೂಕ ಒಂದು ಕೆಜಿ ಆಸುಪಾಸು ಇರಬಹುದು. ವಿಟಮಿನ್ ಇ ಅಷ್ಟು ಸುಲಭಕ್ಕೆ ವಿಷವಾಗುವುದಿಲ್ಲ ನಿಜ, ಆದರೆ ಕ್ಯಾಪ್ಸೂಲ್ ಕೊಟ್ಟು ಕಾಯುತ್ತಾ ಕೂತರೆ, ಕಾಯಿಲೆ ಸ್ಕರ್ವಿ ಆಗಿದ್ದರೆ, ಆ ದಿನಗಳು ವಾಪಸ್ ಬರುವುದಿಲ್ಲ. ಅದಕ್ಕಿಂತ ಅಪಾಯ ಸೆಲೆನಿಯಂ. ದನ, ಕುರಿಗಳಿಗೆಂದು ವಿಟಮಿನ್ ಇ ಮತ್ತು ಸೆಲೆನಿಯಂ ಸೇರಿಸಿದ ಇಂಜೆಕ್ಷನ್ ಸಿಗುತ್ತದೆ, ಅದನ್ನು "ಸ್ವಲ್ಪ ಕೊಟ್ಟರೆ ಏನಾಗುತ್ತೆ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸೆಲೆನಿಯಂ ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವೆ ಅಂತರ ಬಹಳ ಕಡಿಮೆ. ಇಷ್ಟು ಸಣ್ಣ ಪ್ರಾಣಿಗೆ ಅಳತೆ ತಪ್ಪುವುದು ಸುಲಭ. ಎ, ಡಿ ಎಲ್ಲ ಸೇರಿಸಿದ ಮಲ್ಟಿವಿಟಮಿನ್ ಹನಿಗಳೂ ಬೇಡ. ವಿಟಮಿನ್ ಇ ಎಷ್ಟು, ಯಾವ ರೂಪದಲ್ಲಿ ಎಂಬುದನ್ನು ತೂಕ ನೋಡಿ ವೈದ್ಯರೇ ಹೇಳಲಿ.

ವಿಟಮಿನ್ ಸಿ ವಿಷಯದಲ್ಲಿ ಮಾತ್ರ ನಾನು ಕಾಯಿರಿ ಎನ್ನುವುದಿಲ್ಲ. ಆರೋಗ್ಯವಾಗಿರುವ ಗಿನಿ ಪಿಗ್‌ಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಸ್ಕರ್ವಿ ಚಿಕಿತ್ಸೆಗೆ ವೈದ್ಯರು ಸಾಮಾನ್ಯವಾಗಿ ಕೆಜಿಗೆ 50ರಿಂದ 100 ಮಿಲಿಗ್ರಾಂ ತನಕ ಕೊಡುತ್ತಾರೆ. ಹೆಚ್ಚಾದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಹೊರಡುವ ಮೊದಲು ಫೋನಿನಲ್ಲೇ ವೈದ್ಯರನ್ನು ಕೇಳಿ, ಬರೀ ವಿಟಮಿನ್ ಸಿ ಇರುವ ಹನಿ ಇದ್ದರೆ ಶುರು ಮಾಡಿಬಿಡಬಹುದು. ಸಿರಿಂಜಿನಲ್ಲಿ ನೇರ ಬಾಯಿಗೆ ಕೊಡಿ, ಬಾಯಿಯ ಪಕ್ಕದಿಂದ, ನಿಧಾನವಾಗಿ. ಕುಡಿಯುವ ನೀರಿಗೆ ಹಾಕಬೇಡಿ. ನೀರಿನಲ್ಲಿ ಅದು ಒಂದೇ ದಿನದಲ್ಲಿ ಹೆಚ್ಚು ಕಡಿಮೆ ಅರ್ಧ ಹಾಳಾಗುತ್ತದೆ, ರುಚಿ ಬದಲಾದರೆ ಅವಳು ನೀರೇ ಕುಡಿಯದೆ ಇರಬಹುದು. ಸ್ಕರ್ವಿಯೇ ಆಗಿದ್ದರೆ ಒಂದು ವಾರದೊಳಗೆ ವ್ಯತ್ಯಾಸ ಕಾಣುತ್ತದೆ, ಆ ವ್ಯತ್ಯಾಸವೇ ಒಂದು ಪರೀಕ್ಷೆ ಇದ್ದ ಹಾಗೆ.

ಊಟ ಹೀಗಿರಲಿ. ಒಳ್ಳೆಯ ವಾಸನೆ, ಹಸಿರು ಬಣ್ಣ ಉಳಿಸಿಕೊಂಡ ಒಣಹುಲ್ಲು ದಿನವಿಡೀ ಮುಂದೆ ಇರಬೇಕು, ಮುಗಿಯಲೇಬಾರದು. ಔಷಧಿ ಹೊಡೆಯದ ಹಸಿ ಹುಲ್ಲು ಸಿಕ್ಕರೆ ಬಹಳ ಒಳ್ಳೆಯದು. ಮೊದಲ ದಿನ ಒಂದು ಹಿಡಿ, ಆಮೇಲೆ ಜಾಸ್ತಿ ಮಾಡುತ್ತಾ ಹೋಗಿ. ಒಮ್ಮೆಲೇ ಸುರಿದರೆ ಹೊಟ್ಟೆ ಕೆಡುತ್ತದೆ. ದಪ್ಪ ಮೆಣಸಿನಕಾಯಿ, ಅದೇ ಕ್ಯಾಪ್ಸಿಕಂ, ದಿನಾ ಕೊಡಿ. 100 ಗ್ರಾಂ ಹಸಿರು ಕ್ಯಾಪ್ಸಿಕಂನಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ, ಕೆಂಪಿನಲ್ಲಿ ಇನ್ನೂ ಜಾಸ್ತಿ, ಕೆಂಪಿನಲ್ಲಿ ಸ್ವಲ್ಪ ವಿಟಮಿನ್ ಇ ಕೂಡ ಸಿಗುತ್ತದೆ. ಜೊತೆಗೆ ಎಲೆ ತರಕಾರಿ, ಒಂದೇ ಬಗೆ ಬೇಡ, ಬದಲಾಯಿಸುತ್ತಾ ಇರಿ. ಪೆಲೆಟ್ ಗಿನಿ ಪಿಗ್‌ಗೆಂದೇ ಮಾಡಿದ್ದು, ಸಣ್ಣ ಚೀಲ, ಹೊಸ ದಿನಾಂಕ. ಒಬ್ಬೊಬ್ಬರಿಗೆ ದಿನಕ್ಕೆ ಒಂದೆರಡು ಚಮಚ ಸಾಕು. ಬಿಗಿ ಮುಚ್ಚಳದ ಡಬ್ಬದಲ್ಲಿ, ತಂಪಾದ ಕತ್ತಲೆ ಜಾಗದಲ್ಲಿಡಿ. ಕಾಳು-ಬೀಜದ ಮಿಶ್ರಣ ಇನ್ನು ಬೇಡವೇ ಬೇಡ. ಸೂರ್ಯಕಾಂತಿ ಬೀಜದಲ್ಲಿ ವಿಟಮಿನ್ ಇ ಜಾಸ್ತಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಕೊಬ್ಬೂ ಅಷ್ಟೇ ಇದೆ, ಅದನ್ನು ಅರಗಿಸಲು ಈ ಹೊಟ್ಟೆ ತಯಾರಾಗಿಲ್ಲ.

ಗೂಡಿನಲ್ಲಿ ಮೆತ್ತಗೆ ಹಾಸಿ, ಹತ್ತಿ ಇಳಿಯುವ ಮೆಟ್ಟಿಲು ತೆಗೆಯಿರಿ. ನೀರು, ಹುಲ್ಲು, ತಟ್ಟೆ ಎಲ್ಲ ಅವಳು ಕೂತ ಜಾಗದಿಂದ ಎರಡು ಹೆಜ್ಜೆಯೊಳಗೆ ಇರಲಿ. ವ್ಯಾಯಾಮ ಮಾಡಿಸುತ್ತೇವೆ ಎಂದು ಓಡಿಸಬೇಡಿ, ಕಾಲು ನೀವಬೇಡಿ, ಗಾಯಗೊಂಡ ಮಾಂಸ ಅದು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಪೂರ್ತಿ ಆಸರೆಯಾಗಿರಲಿ. ಹೊಟ್ಟೆಯ ಕೆಳಗೆ ಒದ್ದೆಯಾಗಿದೆಯಾ ಎಂದು ದಿನಾ ನೋಡಿ, ಓಡಾಡದ ಪ್ರಾಣಿ ತನ್ನ ಮೂತ್ರದಲ್ಲೇ ಕೂತು ಚರ್ಮ ಸುಟ್ಟುಕೊಳ್ಳುತ್ತದೆ. ನೋವಿಗೆ ಮನುಷ್ಯರ ಮಾತ್ರೆ ಬೇಡ, ವೈದ್ಯರು ಕೊಟ್ಟಿದ್ದು ಮಾತ್ರ. ಆಂಟಿಬಯಾಟಿಕ್ ಬರೆದುಕೊಟ್ಟರೆ ಅದು ಅಮಾಕ್ಸಿಸಿಲಿನ್ ಅಥವಾ ಪೆನಿಸಿಲಿನ್ ಜಾತಿಯದ್ದಾ ಎಂದು ಸಂಕೋಚಪಡದೆ ಕೇಳಿ. ಅವನ್ನು ಬಾಯಿಯ ಮೂಲಕ ಕೊಟ್ಟರೆ ಗಿನಿ ಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಕುತ್ತು ಬರುತ್ತದೆ.

ಕೊನೆಯದಾಗಿ, ಇವತ್ತಿಂದ ದಿನಾ ಒಂದೇ ಹೊತ್ತಿಗೆ ಇಬ್ಬರನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕಾಲಿನ ನಡಿಗೆ ನಿಧಾನಕ್ಕೆ ಸರಿಹೋಗುತ್ತದೆ, ಮಾಂಸಖಂಡ ಬೆಳೆಯಲು ವಾರಗಳೇ ಬೇಕು, ಅದನ್ನೇ ನೋಡುತ್ತಾ ಕೂತರೆ ನಿಮಗೆ ಬೇಸರವಾಗುತ್ತದೆ. ತೂಕ ಮೊದಲು ಹೇಳುತ್ತದೆ. ಮೂರು ನಾಲ್ಕು ದಿನ ತೂಕ ನಿಂತು, ಆಮೇಲೆ ಐದೈದು ಗ್ರಾಂ ಏರಲು ಶುರುವಾದರೆ ನಾವು ಸರಿಯಾದ ದಾರಿಯಲ್ಲಿದ್ದೇವೆ. ಇಳಿಯುತ್ತಲೇ ಹೋದರೆ ಮುಂದಿನ ಭೇಟಿಯ ದಿನದವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ರಕ್ತ ಪರೀಕ್ಷೆಯ ಅಂಕಿ, ಎಕ್ಸ್‌ರೇ ಬಗ್ಗೆ ವೈದ್ಯರು ಏನೆಂದರು, ಜೊತೆಗೆ ಆ ಚೀಲದ ಮೇಲಿದ್ದ ತಯಾರಿಕೆಯ ದಿನಾಂಕ, ಮೂರನ್ನೂ ನನಗೆ ಬರೆದು ಕಳಿಸಿ.